ಬೇಸ್ ಗಿಟಾರ್‌ನ ಕತ್ತು ಕಾಯುವ ಕೆಲಸ

ಈಸ್ಟರ್ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಮದುವೆಗಳ ಸಾಲು ಶುರುವಾಗುತ್ತದೆ. ತಪಸ್ಸಿನ ಕಾಲದಲ್ಲಿ ತಡೆದು ನಿಂತಿದ್ದ ಕ್ರೈಸ್ತ ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಿಗೆ ಬಂದು ಕೂಡುತ್ತವೆ. ನಾವು ವಾದ್ಯದವರು ಇಂದು ಮೂಡುಬಿದಿರೆ, ನಾಳೆ ಕಾರ್ಕಳ, ನಾಡಿದ್ದು ಉಡುಪಿ ಎಂದು ಅಲೆಯುತ್ತೇವೆ. ಅಂಥ ಒಂದು ಸಂಜೆ ಶಿರ್ವದ ಕಡೆಯ ಸಭಾಂಗಣವೊಂದರಲ್ಲಿ ನನ್ನ ಮೊದಲ ಬೇಸ್ ಗಿಟಾರ್ ಮುರಿಯಿತು.

ತೆಳ್ಳನೆಯ ಬಟ್ಟೆಯ ಬ್ಯಾಗಿನಲ್ಲಿದ್ದ ಗಿಟಾರನ್ನು ವೇದಿಕೆಯ ಹಿಂದಿನ ಗೋಡೆಗೆ ಒರಗಿಸಿ, ಸ್ಪೀಕರ್ ಇಳಿಸಲು ಕೈಕೊಡಲು ಹೋಗಿದ್ದೆ. ಯಾರೋ ಎಳೆದ ವೈರು ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಂಡಿತು. ಗಿಟಾರ್ ಬೆನ್ನಡಿಯಾಗಿ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಬ್ಯಾಗ್ ತೆರೆದು ನೋಡಿದರೆ ಮೈಮೇಲೆ ಒಂದು ಗೀರೂ ಇಲ್ಲ. ಸಮಾಧಾನದಿಂದ ಶ್ರುತಿ ಮಾಡಲು ಕುಳಿತೆ. ದಪ್ಪ ತಂತಿ ಸಡಿಲವಾಗಿತ್ತು. ಬಿರಡೆ ತಿರುಗಿಸಿದಷ್ಟೂ ಶ್ರುತಿ ಏರುವ ಬದಲು ಜಾರುತ್ತಿತ್ತು. ಹಿಂದೆ ತಿರುಗಿಸಿ ನೋಡಿದೆ. ಕತ್ತು ಮುಗಿದು ತಲೆ ಶುರುವಾಗುವ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ತಂತಿ ಬಿಗಿದಾಗ ಆ ಗೆರೆ ಬಾಯಿ ತೆರೆಯುತ್ತಿತ್ತು. ಅಂದು ಬೇಸ್ ಭಾಗವನ್ನು ನಮ್ಮ ಕೀಬೋರ್ಡ್ ವಾದಕರು ಎಡಗೈಯಲ್ಲೇ ನಿಭಾಯಿಸಿದರು. ನಾನು ವೇದಿಕೆಯ ಬದಿಯಲ್ಲಿ ಮುಚ್ಚಿದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಮರುದಿನ ಅದನ್ನು ನಮ್ಮ ಮನೆಯ ಹತ್ತಿರದ ಮರಗೆಲಸದ ಆಚಾರಿಯವರ ಬಳಿಗೆ ಒಯ್ದೆ. ಬಾಗಿಲು, ಕಿಟಕಿ, ದೇವರ ಮಂಟಪ ಮಾಡುವವರು. ಗಿಟಾರನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅವರು ಗೆರೆಯ ಮೇಲೆ ಉಗುರು ಆಡಿಸಿ, ತಲೆಯನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಇದು ಪೆಟ್ಟು ತಿಂದು ಮುರಿದದ್ದಲ್ಲ ಮಾರಾಯರೇ," ಎಂದರು. "ಮೈ ನೆಲಕ್ಕೆ ತಾಗಿ ನಿಂತಿದೆ, ತಲೆ ನಿಲ್ಲಲಿಲ್ಲ. ತಲೆ ಭಾರ, ಕತ್ತು ಸಪೂರ. ಸಾಲದ್ದಕ್ಕೆ ಇಲ್ಲಿ ನಾರು ಅಡ್ಡ ಕೊಯ್ದು ಹೋಗಿದೆ, ನೋಡಿ."

ಅವರು ತೋರಿಸಿದ್ದು ಇಷ್ಟು. ನನ್ನ ಗಿಟಾರ್‌ನ ತಲೆ ಹಿಂದಕ್ಕೆ ಬಾಗಿದ ಬಗೆಯದು. ಕತ್ತು, ತಲೆ ಎರಡನ್ನೂ ಒಂದೇ ತುಂಡು ಮರದಲ್ಲಿ ಕೆತ್ತಿ ತಲೆಯನ್ನು ಹಿಂದಕ್ಕೆ ಬಾಗಿಸಿದರೆ, ಬಾಗಿದ ಜಾಗದಲ್ಲಿ ಮರದ ನಾರು ಉದ್ದಕ್ಕೆ ಹರಿಯದೆ ಅಡ್ಡಕ್ಕೆ ತುಂಡಾಗುತ್ತದೆ. ಕತ್ತು ಅತ್ಯಂತ ತೆಳುವಾಗಿರುವುದೂ ಅಲ್ಲಿಯೇ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ತಂತಿ ಕತ್ತಿನ ಮೇಲ್ತುದಿಯ ಕಟ್ಟೆಯಿಂದ ಮೈಮೇಲೆ ತಂತಿ ಕೂರುವ ಲೋಹದ ಆಸರೆಯಾದ ಬ್ರಿಜ್‌ವರೆಗೆ ಇಪ್ಪತ್ತೈದೂವರೆ ಇಂಚು ಇದ್ದರೆ ಬೇಸ್‌ನದು 34 ಇಂಚು. ಅಷ್ಟುದ್ದದ ಕತ್ತಿನ ತುದಿಯಲ್ಲಿ ನಾಲ್ಕು ದಪ್ಪ ಲೋಹದ ಬಿರಡೆಗಳು ಕುಳಿತಿರುತ್ತವೆ. ನಾಲ್ಕು ತಂತಿಗಳ ಎಳೆತ ಒಟ್ಟು ಸುಮಾರು 70-80 ಕೆ.ಜಿ. ಅಂದರೆ ಸುಮ್ಮನೆ ಗೋಡೆಗೆ ಒರಗಿ ನಿಂತಾಗಲೂ ಆ ಕತ್ತು ಒಬ್ಬ ಆಳಿನ ಭಾರ ತಡೆದುಕೊಂಡೇ ನಿಂತಿರುತ್ತದೆ. ಇದು ನನಗೆ ಆವರೆಗೆ ಹೊಳೆದಿರಲಿಲ್ಲ. ಗೀರು ಬೀಳಬಾರದು, ಬಣ್ಣ ಹೋಗಬಾರದು ಎಂದು ಮೈಯನ್ನೇ ಕಾಯುತ್ತಿದ್ದೆ.

ಆಚಾರಿಯವರು ತಂತಿ ಬಿಚ್ಚಿಸಿ, ಬಿರುಕನ್ನು ಮೆಲ್ಲನೆ ಅಗಲಿಸಿ, ತೆಳ್ಳನೆಯ ಕಾಗದದ ಅಂಚಿನಿಂದ ಒಳಗಿನವರೆಗೂ ಅಂಟು ಸವರಿ, ಎರಡು ಕ್ಲ್ಯಾಂಪ್ ಬಿಗಿದು ಒಂದು ಹಗಲು ಒಂದು ರಾತ್ರಿ ಮುಟ್ಟಲು ಬಿಡಲಿಲ್ಲ. ಇಂದಿಗೂ ಅದು ಬಿಟ್ಟಿಲ್ಲ. ಆದರೂ ಊರೂರು ತಿರುಗಲು ನಾನು ಬೇರೆ ಗಿಟಾರ್ ಕೊಂಡೆ: ತಲೆ ಹಿಂದಕ್ಕೆ ಬಾಗಿರದ, ಕತ್ತನ್ನು ಮೈಗೆ ನಾಲ್ಕು ಸ್ಕ್ರೂಗಳಲ್ಲಿ ಕೂಡಿಸಿದ ಬಗೆಯದು. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನಿಂದ ಬಂದ ರೂಪ ಇದು. ಕತ್ತು ಕೆಟ್ಟರೆ ಕತ್ತನ್ನಷ್ಟೇ ಬದಲಿಸಬಹುದು. ದಿನಾ ಬಸ್ಸು, ವ್ಯಾನು ಹತ್ತುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಬ್ಯಾಗಿನ ವಿಷಯ. ಅಂಗಡಿಯಲ್ಲಿ ದಪ್ಪ ಸ್ಪಂಜಿನ ಬ್ಯಾಗ್ ಸಿಗುತ್ತದೆ, ಆದರೆ ಸ್ಪಂಜು ಎಲ್ಲ ಕಡೆ ಒಂದೇ ದಪ್ಪವಾಗಿದ್ದರೆ ಸಾಕಾಗುವುದಿಲ್ಲ. ಗಿಟಾರ್ ಮಲಗಿರುವಾಗ ತಲೆಯ ಹಿಂಭಾಗ ಬ್ಯಾಗಿಗೆ ತಾಗುತ್ತಿದ್ದರೆ, ಬಿದ್ದಾಗ ಮೊದಲ ಏಟು ಅಲ್ಲಿಗೇ. ಇನ್ನು ತಲೆಗೂ ಕತ್ತಿಗೂ ಯಾವ ಆಸರೆಯೂ ಇಲ್ಲದೆ ಒಳಗೆ ಅಲುಗಾಡುತ್ತಿದ್ದರೆ, ಶಿರ್ವದಲ್ಲಿ ಆದದ್ದೇ ಆಗುತ್ತದೆ. ಬೇಕಾದದ್ದು ಕತ್ತಿನ ಕೆಳಗೆ ಒಂದು ದಿಂಬು. ರಿಕ್ಷಾದ ಸೀಟು ಹೊಲಿಯುವ ಕುಶನ್ ಅಂಗಡಿಯೊಂದಕ್ಕೆ ಗಿಟಾರನ್ನೇ ಹೊತ್ತುಕೊಂಡು ಹೋದೆ. ಅಂಗಡಿಯವರು ಗಟ್ಟಿ ಫೋಮನ್ನು ಇಟ್ಟಿಗೆಯಷ್ಟು ಕತ್ತರಿಸಿ, ನಡುವೆ ಕತ್ತು ಕೂರುವಂತೆ ತೋಡಿ, ಮೇಲೆ ಮೆತ್ತನೆಯ ಬಟ್ಟೆ ಹೊಲಿದುಕೊಟ್ಟರು. ಅದನ್ನು ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೂರನೆಯದರ ಕೆಳಗೆ ಬರುವಂತೆ ಬ್ಯಾಗಿನ ಬೆನ್ನಿಗೆ ಹೊಲಿಸಿದೆ. ಮೇಲಿನಿಂದ ಒಂದು ಅಗಲದ ಪಟ್ಟಿ ಕತ್ತನ್ನು ಆ ತೋಡಿಗೆ ಒತ್ತಿ ಹಿಡಿಯುತ್ತದೆ. ಈಗ ಬ್ಯಾಗನ್ನು ಮಲಗಿಸಿದರೆ ತಲೆ ಎಲ್ಲಿಯೂ ತಾಗದೆ ಗಾಳಿಯಲ್ಲಿರುತ್ತದೆ. ಅದರ ಕೆಳಗೆ ಎರಡು ಬೆರಳು ತೂರುತ್ತವೆ. ಇದೇ ನನ್ನ ಅಳತೆ. ಬುಡದಲ್ಲೂ ಎರಡು ಇಂಚು ಫೋಮ್ ಹಾಕಿಸಿದೆ, ಏಕೆಂದರೆ ಬ್ಯಾಗನ್ನು ಥಟ್ಟನೆ ನೆಲಕ್ಕೆ ಊರಿದಾಗ ಪಟ್ಟಿ ಸಿಕ್ಕಿಸುವ ಗುಂಡಿಯೇ ಮರದೊಳಕ್ಕೆ ಮೊಳೆಯಂತೆ ಹೊಡೆದುಕೊಳ್ಳುತ್ತದೆ. ಬ್ಯಾಗಿನ ಮುಂದಿನ ಜೇಬಿನಲ್ಲಿ ಕೇಬಲ್, ಪೆಡಲ್, ಅಡಾಪ್ಟರ್ ತುಂಬುವ ಅಭ್ಯಾಸ ಬಿಟ್ಟಿದ್ದೇನೆ. ಅವೆಲ್ಲ ತಂತಿಗಳ ಮೇಲೆಯೇ ಒತ್ತುತ್ತವೆ. ಅವುಗಳಿಗೆ ಬೇರೆ ಚೀಲ.

ಮಂಗಳೂರಿನಿಂದ ಉಡುಪಿಗೆ ಹೆಚ್ಚುಕಡಿಮೆ 60 ಕಿ.ಮೀ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತುವಾಗ ಕಂಡಕ್ಟರ್‌ನ ಮೊದಲ ಮಾತು ಯಾವಾಗಲೂ ಒಂದೇ: "ಅಣ್ಣಾ, ಅದನ್ನು ಡಿಕ್ಕಿಗೆ ಹಾಕಿ." ಡಿಕ್ಕಿಯಲ್ಲಿ ಅಕ್ಕಿ ಚೀಲ, ಟೈರು, ಸೂಟ್‌ಕೇಸ್ ಇರುತ್ತವೆ; ಮುಂದಿನ ನಿಲ್ದಾಣದಲ್ಲಿ ಯಾವುದು ಯಾವುದರ ಮೇಲೆ ಬೀಳುತ್ತದೋ ಹೇಳಲಾಗದು. ನಾನು ವಾದಕ್ಕೆ ಇಳಿಯುವುದಿಲ್ಲ. "ಇದಕ್ಕೂ ಒಂದು ಟಿಕೆಟ್ ಕೊಡಿ" ಎನ್ನುತ್ತೇನೆ. ಆ ಮಾತಿನ ಮೇಲೆ ಯಾವ ಕಂಡಕ್ಟರ್ ಕೂಡ ಬೇಡ ಎಂದಿಲ್ಲ. ಎಷ್ಟೋ ಮಂದಿ ಟಿಕೆಟಿನ ಹಣವನ್ನೂ ತೆಗೆದುಕೊಂಡಿಲ್ಲ. ಕಿಟಕಿಯ ಬದಿಯ ಸೀಟಿನಲ್ಲಿ ಬ್ಯಾಗಿನ ಬುಡವನ್ನು ಎರಡು ಪಾದಗಳ ನಡುವೆ ಇಟ್ಟು, ಕತ್ತನ್ನು ಭುಜಕ್ಕೆ ಒರಗಿಸಿಕೊಂಡು ಕೂರುತ್ತೇನೆ. ಹಿಂದಿನ ಸೀಟು ಬೇಡ. ಹಿಂದಿನ ಚಕ್ರಗಳಾಚೆ ಕುಲುಕು ಎರಡು ಪಟ್ಟು. ಚಾಲಕರ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಪ್ರೀತಿಯಿಂದಲೇ ಜಾಗ ಕೊಡುತ್ತಾರೆ. ಅದೂ ಬೇಡ. ಆ ಬಿಸಿಗೆ ಅಂಟೂ ಮರವೂ ಸೋಲುತ್ತವೆ.

ಸ್ಕೂಟರ್‌ನಲ್ಲಿ ಬ್ಯಾಗ್ ಬೆನ್ನಿಗೇರಿಸಿದರೆ ಗಿಟಾರ್‌ನ ತಲೆ ಹೆಲ್ಮೆಟ್‌ಗಿಂತ ಒಂದಡಿ ಮೇಲಿರುತ್ತದೆ. ಅರ್ಧ ಇಳಿಸಿದ ಅಂಗಡಿ ಶಟರ್, ಗೇಟಿನ ಕಮಾನು, ಬಗ್ಗಿದ ಮಾವಿನ ಕೊಂಬೆ ಎಲ್ಲವೂ ಅಲ್ಲಿಗೆ ಸರಿಯಾಗಿ ಬರುತ್ತವೆ. ಒಂಟಿಯಾಗಿ ಹೋಗುವಾಗ ನಾನು ರಿಕ್ಷಾವನ್ನೇ ಹಿಡಿಯುತ್ತೇನೆ, ತಲೆಯ ಭಾಗ ಹೊರಗೆ ಚಾಚದಂತೆ ಓರೆಯಾಗಿ ಒಳಗೆ ಹಿಡಿದು. ತಂಡದ ವ್ಯಾನಿನಲ್ಲಿ ಗಿಟಾರ್ ಹತ್ತುವುದು ಎಲ್ಲಕ್ಕಿಂತ ಕೊನೆಗೆ, ಇಳಿಯುವುದು ಎಲ್ಲಕ್ಕಿಂತ ಮೊದಲು. 15 ಇಂಚಿನ ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲಿ ಅದನ್ನು ಎಂದೂ ನಿಲ್ಲಿಸುವುದಿಲ್ಲ.

ಮುಂಬೈಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ಮೇಲಿನ ಬರ್ತ್ ಕೇಳಿ ಪಡೆಯುತ್ತೇನೆ. ಗೋಡೆಯ ಬದಿಗೆ ಗಿಟಾರ್, ಈಚೆ ನಾನು. ಬಜಪೆಯಿಂದ ವಿಮಾನವಾದರೆ ಮೆತ್ತನೆಯ ಬ್ಯಾಗ್ ಸಾಲದು. ಸುಮಾರು 117 ಸೆಂ.ಮೀ. ಉದ್ದದ ವಾದ್ಯ ಕೈಸಾಮಾನಿನ ಅಳತೆಗೆ ಒಗ್ಗುವುದಿಲ್ಲ, ಸರಕಿನ ಜೊತೆಗೇ ಹೋಗಬೇಕು. ಅದಕ್ಕೆ ಗಟ್ಟಿ ಪೆಟ್ಟಿಗೆಯೇ ಬೇಕು. ಪ್ರತಿ ತಂತಿಯನ್ನೂ ಒಂದು ಪೂರ್ಣ ಸ್ವರ ಇಳಿಸುತ್ತೇನೆ, ಇ ತಂತಿ ಡಿ ಆಗುವಷ್ಟು. ಪೂರ್ತಿ ಬಿಚ್ಚುವುದಿಲ್ಲ. ತಂತಿಯ ಎಳೆತಕ್ಕೆ ಎದುರಾಗಿ ಕತ್ತಿನೊಳಗೆ ಉಕ್ಕಿನ ಸರಳು ಒತ್ತುತ್ತಿರುತ್ತದೆ; ಎಳೆತವೇ ಇಲ್ಲದಿದ್ದರೆ ಅದು ಕತ್ತನ್ನು ಹಿಂದಕ್ಕೆ ಬಾಗಿಸುತ್ತದೆ. ತಲೆಯ ಸುತ್ತ ಬಟ್ಟೆ ತುರುಕಿ ಅಲುಗದಂತೆ ಮಾಡಿ, ಕೊಡುವ ಮೊದಲು ಫೋಟೊ ತೆಗೆಯುತ್ತೇನೆ. ಇಳಿದ ಮೇಲೆ ನಿಲ್ದಾಣದ ಒಳಗೇ ಪೆಟ್ಟಿಗೆ ತೆರೆದು ನೋಡುತ್ತೇನೆ. ಒಮ್ಮೆ ಹೀಗೆ ನೋಡಿದ್ದರಿಂದಲೇ, ಮುರಿದ ಚಿಲಕದ ದೂರನ್ನು ಅಲ್ಲಿಯೇ ಬರೆಸಲು ಸಾಧ್ಯವಾಯಿತು.

ಬೀಳುವುದಕ್ಕಿಂತ ಮೆಲ್ಲನೆ ಕೊಲ್ಲುವುದು ನಮ್ಮೂರಿನ ತೇವ. ವರ್ಷಕ್ಕೆ 3,500 ಮಿ.ಮೀ. ಹತ್ತಿರ ಮಳೆ ಸುರಿಯುವ ಜಾಗ ಇದು. ಮರಕ್ಕೆ ಹಿತವಾದ ತೇವಾಂಶ ಶೇ 45ರಿಂದ 55. ಜುಲೈನಲ್ಲಿ ನನ್ನ ಕೋಣೆಯ ಮಾಪಕ 90 ದಾಟುತ್ತದೆ. ಮಳೆಯಲ್ಲಿ ಬಂದ ಬ್ಯಾಗಿನ ಹೊರಗು ಒಣಗಿದರೂ ಒಳಗಿನ ಸ್ಪಂಜು ಎರಡು ದಿನ ತಂಪಾಗಿರುತ್ತದೆ. ಎಷ್ಟೇ ತಡವಾಗಿ ಮನೆ ಸೇರಿದರೂ ಗಿಟಾರನ್ನು ಹೊರತೆಗೆದು, ಬ್ಯಾಗನ್ನು ಬಿಡಿಸಿ ಫ್ಯಾನಿನ ಕೆಳಗೆ ಹರಡಿಯೇ ಮಲಗುತ್ತೇನೆ. ಒಂದು ಮಳೆಗಾಲ ಹಾಗೆ ಮಾಡದೆ ಪಟ್ಟಿಯ ಮೇಲೆಲ್ಲ ಬೂಷ್ಟು ಹಿಡಿದು, ಬ್ರಿಜ್‌ನ ಸಣ್ಣ ಸ್ಕ್ರೂಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಮಲ್ಪೆ, ಪಣಂಬೂರಿನ ಕಡಲ ಬದಿಯ ಕಾರ್ಯಕ್ರಮವಾದರೆ ಉಪ್ಪಿನ ಗಾಳಿ ಬೇರೆ. ಬೆಳಗಾಗುವಷ್ಟರಲ್ಲಿ ತಂತಿ ಬೆರಳಿಗೆ ಒರಟಾಗಿರುತ್ತದೆ. ಅಲ್ಲಿಂದ ಹೊರಡುವ ಮೊದಲೇ ಹಳೆಯ ಬೈರಾಸಿನ ತುಂಡಿನಿಂದ ಪ್ರತಿ ತಂತಿಯನ್ನೂ ಮೇಲೂ ಕೆಳಗೂ ಒರೆಸುತ್ತೇನೆ.

ಹವಾನಿಯಂತ್ರಿತ ಸಭಾಂಗಣದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ತಣ್ಣಗಾದ ಗಿಟಾರನ್ನು ಹಾಗೆಯೇ ಹೊರಗಿನ ಸೆಕೆಗೆ ತಂದರೆ ತಂತಿ, ಬ್ರಿಜ್ ಎಲ್ಲದರ ಮೇಲೂ ನೀರು ಮಂಜಿನಂತೆ ಕೂರುತ್ತದೆ. ಒಳಗಿರುವಾಗಲೇ ಬ್ಯಾಗಿಗೆ ಹಾಕಿ ಜಿಪ್ ಎಳೆದು ಹೊರಗೆ ತರಬೇಕು. ಮನೆಗೆ ಬಂದು ಅರ್ಧ ಗಂಟೆಯಾದ ಮೇಲೆ ತೆರೆದರೆ ಸಾಕು. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿವೆ. ಬಣ್ಣ ಬದಲಾದಾಗ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸುತ್ತೇನೆ.

ಆಚಾರಿಯವರು ಅಂಟಿಸಿಕೊಟ್ಟ ಹಳೆಯ ಗಿಟಾರ್ ಈಗ ನನ್ನ ಅಕ್ಕನ ಮಗನ ಕೈಯಲ್ಲಿದೆ. ಹೆಬ್ಬೆರಳು ಆಡಿಸಿದರೆ ಆ ಗೆರೆ ಇನ್ನೂ ತಿಳಿಯುತ್ತದೆ. ಗಿಟಾರ್ ಕೊಡುವ ಮೊದಲು ಅವನ ಬ್ಯಾಗಿಗೂ ಅದೇ ಕುಶನ್ ಅಂಗಡಿಯಲ್ಲಿ ದಿಂಬು ಹೊಲಿಸಿದೆ. ಕಳೆದ ತಿಂಗಳು ಕುಂದಾಪುರಕ್ಕೆ ಮೊದಲ ಕಾರ್ಯಕ್ರಮಕ್ಕೆ ಹೊರಟವನು ಬ್ಯಾಗನ್ನು ಜಗಲಿಯಲ್ಲಿ ಮಲಗಿಸಿ, ತಲೆಯ ಕೆಳಗೆ ಕೈ ತೂರಿಸಿ, "ಮಾಮಾ, ಎರಡು ಬೆರಳು ಹೋಗುತ್ತವೆ" ಎಂದ.