ವಾರಸುದಾರರ ಸಹಿ, ಎರಡು ಪುಟದ ಕರಾರು: ಮರುಮುದ್ರಣದಲ್ಲಿ ನನ್ನ ಅನುಭವ

ಹಳೆಯ ಕನ್ನಡ ಪುಸ್ತಕಗಳ ಮರುಮುದ್ರಣಕ್ಕೆ ಲಿಖಿತ ಕರಾರು ಮಾಡಿಸಲು ನಾನು ಹೊರಟಾಗ ಧಾರವಾಡದ ಪ್ರಕಾಶಕ ಮಿತ್ರರು ನಕ್ಕಿದ್ದರು. ನಮ್ಮ ಕಡೆಯ ಲೇಖಕರು ಮಾತಿನ ಮೇಲೆ ಪುಸ್ತಕ ಕೊಡುವವರು, ಛಾಪಾ ಕಾಗದ ಮುಂದಿಟ್ಟರೆ ಎದ್ದು ಹೋಗುತ್ತಾರೆ ಎಂಬುದು ಅವರ ವಾದವಾಗಿತ್ತು. ಇಂದು ನನ್ನ ಪಟ್ಟಿಯಲ್ಲಿ ಇಪ್ಪತ್ತರ ಆಸುಪಾಸು ಮರುಮುದ್ರಣಗಳಿವೆ, ಯಾವುದರ ಮೇಲೂ ತಕರಾರಿಲ್ಲ. ನಕ್ಕವರಲ್ಲಿ ಇಬ್ಬರು ಕರಾರಿನ ನಮೂನೆಯನ್ನು ಕೇಳಿ ಒಯ್ದಿದ್ದಾರೆ.

ಈ ದಾರಿಗೆ ನನ್ನನ್ನು ತಂದದ್ದು ನಷ್ಟ. ಒಂದು ಕಥಾಸಂಕಲನಕ್ಕೆ ದಿವಂಗತ ಲೇಖಕರ ಹಿರಿಯ ಮಗ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದರು, ಆಗ ಎಲ್ಲರೂ ಅಷ್ಟರಲ್ಲೇ ಕೆಲಸ ಸಾಗಿಸುತ್ತಿದ್ದರು. ಗದಗಿನಲ್ಲಿ ಸಾವಿರ ಪ್ರತಿ ಅಚ್ಚಾಗಿ ಬೈಂಡಿಂಗ್ ಮುಗಿಯುವ ಹೊತ್ತಿಗೆ ಲೇಖಕರ ಮಗಳ ವಕೀಲರಿಂದ ನೋಟಿಸು ಬಂತು. ಕಾಗದ, ಅಚ್ಚು, ಬೈಂಡಿಂಗ್ ಸೇರಿ ಸುಮಾರು ಎಪ್ಪತ್ತು ಸಾವಿರ ರೂಪಾಯಿ ಎರಡು ವರ್ಷ ಗೋದಾಮಿನಲ್ಲಿ ಕುಳಿತುಬಿಟ್ಟಿತು. ಅಂದಿನಿಂದ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವಿಲ್ಲದೆ ನಾನು ಡಿಟಿಪಿಗೆ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದಕ್ಕೆ) ಕೈ ಹಾಕುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಅದರಲ್ಲಿರುವ ಪ್ರತಿಯೊಬ್ಬರ ಸಹಿಯೂ ಬೇಕು. ಮುನಿಸಿಕೊಂಡ ಅಣ್ಣತಮ್ಮಂದಿರ ಮನೆಗಳಲ್ಲಿ ಯಾರ ಸಹಿಯನ್ನು ಮೊದಲು ಪಡೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ಸಹಿಯ ಗೋಜೇ ಇಲ್ಲದ ಪುಸ್ತಕಗಳೂ ಇವೆ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು, ಅದು ಮುಗಿದ ಮೇಲೆ ಕೃತಿ ಮುಕ್ತ, ಯಾರು ಬೇಕಾದರೂ ಅಚ್ಚುಮಾಡಬಹುದು. 1942ರಲ್ಲಿ ತೀರಿಕೊಂಡ ಹಾವೇರಿ ಸೀಮೆಯ ಗಳಗನಾಥರ ಬರಹಗಳು ಎಂದೋ ಮುಕ್ತವಾಗಿವೆ. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರವು 2025ರ ಜನವರಿಗೆ ಮುಕ್ತವಾದವು. ಬೇಂದ್ರೆಯವರವಾದರೆ 2041ರ ಕೊನೆಯವರೆಗೂ ಕಾಯಬೇಕು.

ಹೆಚ್ಚು ತಲೆನೋವು ಕೊಡುವವರು ಹಿಂದಿನ ಪ್ರಕಾಶಕರು. ‘ಹಕ್ಕು ನಮ್ಮದೇ’ ಎಂದವರಿಗೆ ನಾನು ಲೇಖಕರು ಸಹಿ ಮಾಡಿದ ಕಾಗದವನ್ನು ತೋರಿಸಲು ವಿನಯದಿಂದಲೇ ಕೇಳುತ್ತೇನೆ, ಏಕೆಂದರೆ ಬಾಯಿಮಾತಿನ ಹಕ್ಕು ವರ್ಗಾವಣೆಗೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಬೆಲೆಯಿಲ್ಲ. ಕಾಗದವಿದ್ದರೆ ಮೊದಲು ನೋಡುವುದು ತಾರೀಖನ್ನು. 1995ರ ಮೇ 10ರ ನಂತರದ ಕರಾರಿನಲ್ಲಿ ಅವಧಿ ಬರೆದಿರದಿದ್ದರೆ ಅದು ಐದು ವರ್ಷಕ್ಕೆ ಮುಗಿಯುತ್ತದೆ, ಪ್ರದೇಶ ಬರೆದಿರದಿದ್ದರೆ ಭಾರತಕ್ಕಷ್ಟೇ ಸೀಮಿತವಾಗುತ್ತದೆ, ಮತ್ತು ಬೇರೆ ರೀತಿ ಬರೆದುಕೊಂಡಿರದ ಪಕ್ಷದಲ್ಲಿ ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಅದಕ್ಕೂ ಹಿಂದಿನ ಕರಾರಾದರೆ ಈ ನಿಯಮಗಳು ಅನ್ವಯಿಸುವುದಿಲ್ಲ. 1980ರ ದಶಕದ ಅಂಥ ಎರಡು ಕಾಗದಗಳ ಮುಂದೆ ನಾನು ಪುಸ್ತಕ ಕೈಬಿಡಬೇಕಾಯಿತು. ಈ ಒಂದು ವರ್ಷದ ನಿಯಮ ನನ್ನ ಮೇಲೂ ತಿರುಗಬಲ್ಲದು. ಹಾಗಾಗಿ ನನ್ನ ಕರಾರಿನಲ್ಲಿ ಅದನ್ನು ಎರಡು ವರ್ಷವೆಂದು ಬರೆಸಿಕೊಂಡಿದ್ದೇನೆ.

ನಾನು ಹಕ್ಕನ್ನು ಪೂರ್ತಿ ಬರೆಸಿಕೊಳ್ಳುವುದಿಲ್ಲ, ಕನ್ನಡ ಮುದ್ರಣಕ್ಕೆ ಮಾತ್ರ ಐದು ವರ್ಷದ ಪರವಾನಗಿ ಪಡೆಯುತ್ತೇನೆ, ಆ ಅವಧಿಯಲ್ಲಿ ಬೇರೆ ಯಾರಿಗೂ ಕೊಡಬಾರದೆಂಬ ಷರತ್ತಿನೊಡನೆ. ಅನುವಾದ, ಇ-ಪುಸ್ತಕ, ಆಡಿಯೊ ಎಲ್ಲವೂ ಮನೆಯವರ ಬಳಿಯೇ ಉಳಿಯುತ್ತವೆ. ಇದನ್ನು ಓದಿ ಹೇಳಿದ ಮೇಲೆ ಎದ್ದು ಹೋದವರನ್ನು ನಾನು ಕಂಡಿಲ್ಲ. ಗೌರವಧನ ಮುಖಬೆಲೆಯ ಶೇ. 10: 240 ರೂಪಾಯಿಯ ಪುಸ್ತಕದ ಸಾವಿರ ಪ್ರತಿಗೆ 24 ಸಾವಿರ, ಅದರಲ್ಲಿ ಅರ್ಧ ಸಹಿಯ ದಿನವೇ ಚೆಕ್ಕಿನಲ್ಲಿ. ಗ್ರಂಥಾಲಯಗಳ ಸಗಟು ಖರೀದಿಯ ಹಣ ಬರುವವರೆಗೆ ಲೇಖಕರನ್ನು ಕಾಯಿಸುವ ಪ್ರಕಾಶಕರ ನಡುವೆ ಈ ಚೆಕ್ಕೇ ನನ್ನ ಹೆಸರನ್ನು ಊರೂರಿಗೆ ಒಯ್ದಿತು.

ಮುನ್ನುಡಿಯ ವಿಷಯವನ್ನು ನಮ್ಮಲ್ಲಿ ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಬರೆದವರ ಸ್ವತಂತ್ರ ಕೃತಿ, ಕತೆಗಾರರ ಮಕ್ಕಳು ಅದಕ್ಕೆ ಒಪ್ಪಿಗೆ ಕೊಡಲಾರರು. ಬೆನ್ನುಪುಟದ ಭಾವಚಿತ್ರದ ಕಥೆಯೂ ಅದೇ. ನಾವೇ ಹಣ ಕೊಟ್ಟು ತೆಗೆಸಿದ್ದಾದರೆ ಸಾಮಾನ್ಯವಾಗಿ ನಮ್ಮದು, ಛಾಯಾಗ್ರಾಹಕರ ಹಳೆಯ ಸಂಗ್ರಹದಿಂದ ಎತ್ತಿದ್ದಾದರೆ ಅವರದೇ.

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ. ಪ್ರಯೋಗಕ್ಕೆಂದು ತಲಾ 500 ರೂಪಾಯಿ ಶುಲ್ಕ ಕಟ್ಟಿ, ಲೇಖಕರ ಹೆಸರಿನಲ್ಲೇ ಎರಡು ಪುಸ್ತಕಗಳನ್ನು ನೋಂದಾಯಿಸಿದೆ. ಅದರಿಂದ ಹೊಸ ಹಕ್ಕೇನೂ ಹುಟ್ಟುವುದಿಲ್ಲ, ಆದರೆ ಪ್ರಮಾಣಪತ್ರವು ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಎಂದರೆ ಎದುರಿನವರು ಸುಳ್ಳೆಂದು ತೋರಿಸುವವರೆಗೆ ನಿಲ್ಲುತ್ತದೆ. ಗೈಡ್ ಅಚ್ಚುಮಾಡುವವರೊಬ್ಬರು ಅವುಗಳಲ್ಲೊಂದರ ಪ್ರಬಂಧವನ್ನು ಇಡಿಯಾಗಿ ಎತ್ತಿಕೊಂಡಾಗ, ಪ್ರಮಾಣಪತ್ರದ ಮತ್ತು ಕರಾರಿನ ನಕಲುಗಳನ್ನು ಲಗತ್ತಿಸಿ ಬರೆದ ಒಂದೇ ಪತ್ರಕ್ಕೆ ಎಂಟು ಸಾವಿರ ರೂಪಾಯಿ ಬಂತು. ಅಷ್ಟನ್ನೂ ಲೇಖಕರ ಮನೆಗೆ ಮುಟ್ಟಿಸಿದೆ. ಅವರ ಎರಡನೆಯ ಪುಸ್ತಕದ ಕರಾರಿಗೆ ಸಹಿ ಬಿದ್ದದ್ದು ಅದೇ ವಾರದಲ್ಲಿ.