ಹಿತಕಿದ ಬೇಳೆ: ಚಳಿಗಾಲದ ಅವಕಾಶವೊಂದನ್ನು ಹಿಡಿದ ಬಗೆ, ನನ್ನ ಅನುಭವ

ಡಿಸೆಂಬರ್ ಸಂಜೆ ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ತರಕಾರಿ ಗಾಡಿಯ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಅವರೆಕಾಯಿ ರಾಶಿಗೆ ಕೈ ಹಾಕಿ, ಒಂದೆರಡು ಕಾಯಿ ಮೂಸಿ, ‘ಹಿತಕಿದ್ದು ಇಲ್ವಾ?’ ಅಂತ ಕೇಳಿ, ಕೊನೆಗೆ ಬರೀ ಟೊಮೆಟೊ ತಗೊಂಡು ಹೋಗುವವರು ಸಿಕ್ಕೇ ಸಿಗುತ್ತಾರೆ. ನಾನು ಅವಕಾಶ ಅಂತ ಗುರುತಿಸುವುದು ಆ ಪ್ರಶ್ನೆಯನ್ನೇ. ಭಾನುವಾರ ಮುದ್ದೆ ಜೊತೆ ಹಿತಕಿದ ಬೇಳೆ ಸಾರು ಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಅವರೆ ಸುಲಿದು, ನೆನೆಸಿ, ಸಿಪ್ಪೆ ಕಳಚುವಂತೆ ಒಂದೊಂದೇ ಕಾಳು ಹಿತಕುತ್ತಾ ಕೂರುವ ಬಿಡುವು ಇಲ್ಲ.

ಕೇಳಿದವರೆಲ್ಲ ಕೊಳ್ಳುವುದಿಲ್ಲ. ಹಾಗಾಗಿ ಒಂದು ವಾರ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಪದ್ಧತಿ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಜನ ಕೇಳಿದರು. ಶುಕ್ರವಾರ ಮತ್ತು ಶನಿವಾರದ ಗೀಟುಗಳೇ ಹೆಚ್ಚಿರುತ್ತವೆ. ಆಮೇಲೆ 2 ಕೆ.ಜಿ. ಬೇಳೆ ಮಾತ್ರ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗುರುವಾರ ರಾತ್ರಿ ಹಾಕಿ, ಶುಕ್ರವಾರ ಮಧ್ಯಾಹ್ನಕ್ಕೆ ಆರ್ಡರ್ ಮುಚ್ಚಬೇಕು. ಹಣ ಮೊದಲೇ ಫೋನ್‌ಪೇ ಮಾಡಿದವರದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ‘ನಂಗೂ ಇರ್ಲಿ’ ಅಂದವರನ್ನು ನಂಬಿ ಕಾಯಿ ತಂದರೆ ಅರ್ಧ ಮಾಲು ಫ್ರಿಜ್ಜಿನಲ್ಲೇ ಉಳಿಯುತ್ತದೆ.

ಕಾಯಿ ಆರಿಸುವುದರಲ್ಲೇ ಅರ್ಧ ಕೆಲಸ. ಕೆ.ಆರ್. ಮಾರುಕಟ್ಟೆಗೋ ಕಲಾಸಿಪಾಳ್ಯಕ್ಕೋ ಬೆಳಗಿನ ಜಾವವೇ ಹೋಗಬೇಕು. ಎಲ್ಲರೂ ಮಾಗಡಿ ಅವರೆ ಅಂತಲೇ ಕೂಗುತ್ತಾರೆ. ಹೆಸರು ಬಿಡಿ, ಬೆರಳನ್ನು ನಂಬಿ. ಕಾಯಿಯ ಅಂಚನ್ನು ಉಜ್ಜಿದರೆ ಅಂಟಬೇಕು, ಕೈ ಮೂಸಿದರೆ ಸೊಗಡು ಹೊಡೆಯಬೇಕು. ಮೂಟೆಯ ಮೇಲಿನ ಕಾಯಿ ನೋಡಿ ಒಪ್ಪಬೇಡಿ, ತಳದವರೆಗೆ ಕೈ ತೂರಿಸಿ. ಒಳಗೆ ಬೆಚ್ಚಗಿದ್ದರೆ ಆ ಮೂಟೆ ರಾತ್ರಿಯೆಲ್ಲ ಬೆಂದಿದೆ ಅಂತ ಅರ್ಥ. ಕಾಳು ಸಂಜೆಯೊಳಗೆ ಕಪ್ಪಾಗುತ್ತದೆ. ಹಿತಕುವುದಕ್ಕೆ ಬಲಿತ ಹಸಿರು ಕಾಯಿಯೇ ಬೇಕು. ಎಳೆಯದು ಬೆರಳಲ್ಲೇ ನುಜ್ಜಾಗುತ್ತದೆ, ಹಳದಿಗೆ ತಿರುಗಿದ್ದರ ಸಿಪ್ಪೆ ಜಗ್ಗುವುದಿಲ್ಲ. ಒಳ್ಳೆ ಕಾಯಿ ಆದರೆ 1 ಕೆ.ಜಿ.ಗೆ 400 ಗ್ರಾಂ ಕಾಳು ಬರುತ್ತದೆ, ಜೊಳ್ಳು ಜಾಸ್ತಿ ಇದ್ದರೆ 300ಕ್ಕೆ ಇಳಿಯುತ್ತದೆ. ತಂದ ತಕ್ಷಣ ಚಾಪೆ ಮೇಲೆ ಹರಡಿ. ಸುಲಿಯುವಾಗಲೇ ತೂತು ಬಿದ್ದ ಕಾಳು, ಹುಳು ಎರಡನ್ನೂ ಆರಿಸಿಬಿಡಬೇಕು. ನೆನೆದ ಮೇಲೆ ಕಣ್ಣಿಗೆ ಬೀಳುವುದು ಕಷ್ಟ.

ಸುಲಿದ ಕಾಳನ್ನು ಮುಳುಗುವಷ್ಟು ತಣ್ಣೀರಿನಲ್ಲಿ ರಾತ್ರಿ ಆರೇಳು ತಾಸು ನೆನೆಸುತ್ತೇನೆ, ಮಧ್ಯೆ ಒಮ್ಮೆ ನೀರು ಬದಲಿಸುತ್ತೇನೆ. ಹತ್ತು ಗಂಟೆ ದಾಟಿದರೆ ನೀರು ನೊರೆಗಟ್ಟಿ ಹುಳಿ ವಾಸನೆ ಶುರುವಾಗುತ್ತದೆ. ಎಷ್ಟು ತೊಳೆದರೂ ಅದು ಸಾರಿನಲ್ಲಿ ಗೊತ್ತಾಗುತ್ತದೆ. ಬೇಗ ಆಗಲಿ ಅಂತ ಬಿಸಿ ನೀರು ಹಾಕುವವರಿದ್ದಾರೆ. ಸಿಪ್ಪೆಯೇನೋ ಸಡಿಲವಾಗುತ್ತದೆ, ಬೇಳೆ ಮಾತ್ರ ಇಬ್ಭಾಗವಾಗಿ ಕುದಿಸಿದಾಗ ಕರಗಿಹೋಗುತ್ತದೆ.

ಹಿತಕುವಾಗ ಕಾಳಿನ ಬಿಳಿ ಗೆರೆ ಮುಂದಕ್ಕಿರಲಿ. ಹಿಂಬದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತನೆ ಭಾಗದಿಂದ ಒತ್ತಿದರೆ ಬೇಳೆ ಪಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಉಗುರು ತಾಗಬಾರದು, ತಾಗಿದ ಗೀರು ಮರುದಿನ ಕಂದಾಗುತ್ತದೆ. ಪಾತ್ರೆಯಲ್ಲಿ ಒಂದಿಂಚು ನೀರಿದ್ದರೆ ಬೇಳೆ ಸಿಡಿಯುವುದಿಲ್ಲ, ತೇಲುವ ಸಿಪ್ಪೆಯನ್ನೂ ಬಗ್ಗಿಸಿಬಿಡಬಹುದು. ಕೈ ಪಳಗಿದವರಿಗೆ 1 ಕೆ.ಜಿ. ಕಾಳಿಗೆ ಸುಮಾರು ಒಂದು ಗಂಟೆ, ಹೊಸಬರಿಗೆ ಎರಡು. ಅಷ್ಟು ಕಾಳಿನಿಂದ ಸಿಗುವ ಬೇಳೆ ಸುಮಾರು 780 ಗ್ರಾಂ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ತೊಳೆದ ಬೇಳೆಯನ್ನು ಹಾಗೇ ಕವರಿಗೆ ಹಾಕಿ ಕಟ್ಟುತ್ತಾರೆ. ನೀರಿನ ತೂಕ ಕಾಸಾಗುತ್ತದೆ ನಿಜ, ಆದರೆ ಮರುದಿನಕ್ಕೇ ಲೋಳೆ ಬರುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ. ಎರಡು ನೀರಿನಲ್ಲಿ ತೊಳೆದು, ಜಾಲರಿಯಲ್ಲಿ ಅರ್ಧ ಗಂಟೆ ಬಸಿದು, ಹತ್ತಿ ಬಟ್ಟೆಯ ಮೇಲೆ ಫ್ಯಾನ್ ಕೆಳಗೆ ಇನ್ನರ್ಧ ಗಂಟೆ ಆರಿಸಿ. ತೂಕ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಹೀಗೆ ಮಾಡಿದ್ದು ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಸ್ಟೀಲ್ ಡಬ್ಬಿ ತರುವವರಿಗೆ ಡಬ್ಬಿಗೇ ಹಾಕಿಕೊಡಿ.

ಲೆಕ್ಕ ಹೀಗೆ. ಕಾಯಿ ಕೆ.ಜಿ.ಗೆ 40 ರೂಪಾಯಿ ಇದ್ದ ದಿನ 1 ಕೆ.ಜಿ. ಬೇಳೆಗೆ 3.2 ಕೆ.ಜಿ. ಕಾಯಿ, ಅಂದರೆ 128 ರೂಪಾಯಿ. ಸುಲಿಯಲು ಒಂದು ಗಂಟೆ, ಹಿತಕಲು ಒಂದೂಕಾಲು; ಗಂಟೆಗೆ 60ರಂತೆ ಕೂಲಿ 135. ಆಟೋ, ಕವರ್ 20, ಹಾಳಾಗುವುದಕ್ಕೆ 10. ಒಟ್ಟು 293. ಕಾಲು ಕೆ.ಜಿ.ಗೆ 85ರಂತೆ ಮಾರಿದರೆ 340, ಉಳಿಯುವುದು 47. ಮನೆಯವರೇ ಕೂತು ಹಿತಕಿದರೂ ಕೂಲಿಯನ್ನು ಬರೆಯಲೇಬೇಕು. ಅದನ್ನು ಬಿಟ್ಟರೆ 182 ಲಾಭ ಅನ್ನಿಸಿ, ಬೇಡಿಕೆ ಏರಿದಾಗ ಆಳು ಇಟ್ಟುಕೊಳ್ಳಲು ಹೋಗಿ ಕೈಸುಡುತ್ತದೆ. ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ. ಇಷ್ಟು ಸಣ್ಣ ವ್ಯಾಪಾರಕ್ಕೆ ಮೂಲ ನೋಂದಣಿ ಸಾಕು. ತಕ್ಕಡಿ ಅಡುಗೆಮನೆಯದ್ದು ಬೇಡ, ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದೇ ಇರಲಿ.

ಮಿಕ್ಕ ಬೇಳೆಯನ್ನು ಮರುದಿನ ಅರ್ಧ ಬೆಲೆಗೆ ಕೊಡುವ ಅಭ್ಯಾಸ ಬೇಡ, ಜನ ಮರುದಿನಕ್ಕೇ ಕಾಯುತ್ತಾರೆ. ಬಟ್ಟೆಯ ಮೇಲೆ ಎರಡು ಗಂಟೆ ಪೂರ್ತಿ ಆರಿಸಿ, ಕಾದ ಎಣ್ಣೆಗೆ ಒಂದೊಂದೇ ಹಿಡಿ ಹಾಕಿ ಗರಿಗರಿಯಾಗಿ ಕರಿದು, ಕರಿಬೇವು, ಉಪ್ಪು, ಖಾರದಪುಡಿ ಬೆರೆಸಿ. ತೇವ ಉಳಿದಿದ್ದರೆ ಎಣ್ಣೆ ಉಕ್ಕಿ ಒಲೆಗೆ ಬರುತ್ತದೆ, ಎಚ್ಚರ. ವಿ.ವಿ. ಪುರಂನ ಅವರೆ ಮೇಳ ನೋಡಿದವರಿಗೆ ಈ ಖಾರದ ಬೆಲೆ ಗೊತ್ತು.

ಸಂಕ್ರಾಂತಿಯ ಹಿಂದಿನ ಎರಡು ದಿನ ಬೇಳೆ ಮಾಡುವುದನ್ನು ನಿಲ್ಲಿಸುತ್ತೇನೆ. ಆಗ ಗೆಣಸು, ಕಡಲೆಕಾಯಿ ಜೊತೆ ಬೇಯಿಸಲು ಇಡೀ ಕಾಯಿಗೇ ಬೇಡಿಕೆ, ಬೆಲೆಯೂ ಏರಿರುತ್ತದೆ. ಆ ಕಾಯಿಯನ್ನು ಆರಿಸಿ, ತೊಳೆದು, ತೂಗಿ ಕೊಡುವುದೇ ಆ ಎರಡು ದಿನದ ಕೆಲಸ.

ಫೆಬ್ರವರಿಯಲ್ಲಿ ಕಾಯಿ ಅಗ್ಗವಾದರೂ ಸೊಗಡು ಸಿಗದಿದ್ದರೆ ಅಲ್ಲಿಗೆ ಮುಗಿಸುತ್ತೇನೆ. ಅದೇ ಗಾಡಿಯ ಪಕ್ಕ ಆಗ ಕೇಳಿಸುವುದು ‘ಬಾಳೆಹೂವು ಬಿಡಿಸಿ ಕೊಡ್ತೀರಾ?’ ಅನ್ನುವ ಮಾತು. ಒಳಗಿನ ಪ್ರತಿ ಸಣ್ಣ ಹೂವಿನ ನಡುವಿನ ಗಟ್ಟಿ ಕಡ್ಡಿ ಕಿತ್ತು, ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕಬೇಕು. ಲೀಟರ್ ನೀರಿಗೆ ಅರ್ಧ ಲೋಟ ಮಜ್ಜಿಗೆ ಸಾಕು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಬಾಳೆಹೂವಿನ ಕಲೆ ಎರಡು ದಿನ ಹೋಗುವುದಿಲ್ಲ.