ದಿನಬಳಕೆಯ ಕಾರಿಗೆ ಸ್ಪ್ರಿಂಗ್ ರೇಟ್ ಆರಿಸುವುದು ಹೇಗೆ

ಸ್ಪ್ರಿಂಗ್ ಬದಲಿಸುವ ಯೋಚನೆ ಬಂದಾಗ ಹೆಚ್ಚಿನವರು ಮೊದಲು ಕೇಳುವುದು ‘ಎಷ್ಟು ಕೆಜಿ ಸ್ಪ್ರಿಂಗ್ ಹಾಕಿಸಲಿ?’ ಅಂತ. ಇದಕ್ಕೆ ಎಲ್ಲ ಕಾರಿಗೂ ಹೊಂದುವ ಉತ್ತರವಿಲ್ಲ. ಒಂದು ಕಾರಿನಲ್ಲಿ ಹಿತವಾಗಿರುವ ಸ್ಪ್ರಿಂಗ್ ಇನ್ನೊಂದರಲ್ಲಿ ಬೆನ್ನು ಮುರಿಯುತ್ತದೆ. ಮೊದಲು ತೀರ್ಮಾನಿಸಬೇಕಾದದ್ದು ಕಾರಿನ ಮೈ ಸೆಕೆಂಡಿಗೆ ಎಷ್ಟು ಸಲ ಏರಿಳಿಯಬೇಕು ಎಂಬುದನ್ನು, ಅಂದರೆ ಆವೃತ್ತಿಯನ್ನು. ಸ್ಪ್ರಿಂಗ್ ರೇಟ್, ಅಂದರೆ ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು ಬೇಕಾದ ಬಲ, ಆಮೇಲೆ ಲೆಕ್ಕದಿಂದ ತಾನಾಗಿ ಬರುತ್ತದೆ.

ಮಾಮೂಲಿ ಕಾರುಗಳು 1.0ರಿಂದ 1.5 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ) ನಡುವೆ ಇರುತ್ತವೆ. 2 ಹರ್ಟ್ಜ್ ದಾಟಿದರೆ ಅದು ಟ್ರ್ಯಾಕಿಗೆ ಹೋಗುವ ಕಾರು. ನಮ್ಮ ಗುಂಡಿ, ಹಂಪುಗಳ ನಡುವೆ ದಿನಾ ಓಡುವ ಕಾರಿಗೆ ಮುಂದೆ 1.2ರಿಂದ 1.4 ಸಾಕು. ಹಿಂದೆ ಸ್ವಲ್ಪ ಹೆಚ್ಚಿರಬೇಕು. ಉಬ್ಬು ಬಂದಾಗ ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ತುಸು ತಡವಾಗಿ. ಹಿಂಭಾಗ ವೇಗವಾಗಿ ಏರಿಳಿದರೆ ಮುಂಭಾಗಕ್ಕೆ ಬೇಗ ಜತೆಯಾಗುತ್ತದೆ, ಕಾರು ತಲೆದೂಗುವುದು ನಿಲ್ಲುತ್ತದೆ. 1930ರ ದಶಕದಲ್ಲಿ ಜನರಲ್ ಮೋಟಾರ್ಸಿನಲ್ಲಿದ್ದ ಮಾರಿಸ್ ಓಲಿ ತೋರಿಸಿಕೊಟ್ಟ ಈ ಸೂತ್ರ ಇವತ್ತಿಗೂ ನಡೆಯುತ್ತದೆ.

ಲೆಕ್ಕಕ್ಕೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ತೊಲೆ) ಇರುವ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳೋಣ. ಸ್ವಿಫ್ಟ್, ಐ20, ಪೋಲೊ ಎಲ್ಲ ಇದೇ ಜಾತಿಯವು.

ತೂಕದಿಂದ ಶುರು

ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಸಿ ವೇಬ್ರಿಡ್ಜಿಗೆ ಹೋಗಿ. ಡ್ರೈವರ್ ಸೀಟಿನಲ್ಲೇ ಕೂತಿರಲಿ. ಮುಂದಿನ ಎರಡು ಚಕ್ರ ಮಾತ್ರ ಏರಿಸಿ ಒಂದು ತೂಕ, ಇಡೀ ಕಾರು ಏರಿಸಿ ಇನ್ನೊಂದು. ಮುಂದೆ 600 ಕೆಜಿ, ಒಟ್ಟು 980 ಬಂತು ಅಂದುಕೊಳ್ಳಿ. ಒಂದೊಂದು ಚಕ್ರಕ್ಕೆ ಮುಂದೆ 300, ಹಿಂದೆ 190. ಇದರಲ್ಲಿ ಚಕ್ರ, ಬ್ರೇಕ್, ಹಬ್ (ಚಕ್ರ ಕೂರುವ ನಡುಭಾಗ) ಇವೆಲ್ಲ ಸ್ಪ್ರಿಂಗ್ ಮೇಲೆ ಕೂರುವುದಿಲ್ಲ. ಈ ಗಾತ್ರದ ಕಾರಿನಲ್ಲಿ ಅದಕ್ಕೆ ಮುಂದೆ 32, ಹಿಂದೆ 28 ಕೆಜಿ ಕಳೆಯಬಹುದು. ಸ್ಪ್ರಿಂಗ್ ಹೊರುವುದು ಮುಂದೆ 268, ಹಿಂದೆ 162.

ಈಗ ಬೇಕಾದ ಆವೃತ್ತಿಯ ವರ್ಗವನ್ನು 39.5ರಿಂದಲೂ ಈ ತೂಕದಿಂದಲೂ ಗುಣಿಸಿ 1000ದಿಂದ ಭಾಗಿಸಿ. ಮುಂದೆ 1.3 ಹರ್ಟ್ಜ್ ಬೇಕಿದ್ದರೆ 17.9 ನ್ಯೂಟನ್/ಮಿ.ಮೀ. ಬರುತ್ತದೆ. ಇದು ಚಕ್ರದ ಹತ್ತಿರದ ರೇಟ್, ಸ್ಪ್ರಿಂಗಿನದಲ್ಲ. ಸ್ಟ್ರಟ್ ಓರೆಯಾಗಿ ನಿಂತಿರುವುದರಿಂದ ಚಕ್ರ 1 ಮಿ.ಮೀ. ಎದ್ದರೆ ಸ್ಪ್ರಿಂಗ್ ಸುಮಾರು 0.95 ಮಿ.ಮೀ. ಮಾತ್ರ ಕುಗ್ಗುತ್ತದೆ. ಆ ಅನುಪಾತದ ವರ್ಗದಿಂದ (0.90) ಭಾಗಿಸಿದರೆ ಸ್ಪ್ರಿಂಗಿಗೆ 19.8 ನ್ಯೂಟನ್/ಮಿ.ಮೀ., ಅಂದರೆ ಸುಮಾರು 2 ಕೆಜಿ/ಮಿ.ಮೀ. (1 ಕೆಜಿ/ಮಿ.ಮೀ. ಅಂದರೆ 9.8 ನ್ಯೂಟನ್/ಮಿ.ಮೀ. ಅಥವಾ 56 ಪೌಂಡ್/ಇಂಚು.) ಇದೇ ಕಾರಿಗೆ 5 ಕೆಜಿಯ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಸೇರಿದ ಸೆಟ್) ಹಾಕಿದರೆ ಆವೃತ್ತಿ 2 ಹರ್ಟ್ಜ್ ದಾಟುತ್ತದೆ. ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೆ ಕೆಳಗೆ ಎರಡು ತೋಳು ಹಿಡಿಯುವ ಜೋಡಣೆ) ಕಾರಿನವರು ಹೇಳಿದ ಸಂಖ್ಯೆಯನ್ನು ಸ್ಟ್ರಟ್ ಕಾರಿಗೆ ಎತ್ತಿ ಹಾಕಿದರೆ ಕೆಡುವುದೂ ಇಲ್ಲೇ. ಅವರ ಅನುಪಾತ 0.6–0.7 ಇರಬಹುದು. ವರ್ಗ ಮಾಡಿದರೆ ಅರ್ಧಕ್ಕೂ ಕಡಿಮೆ.

ಹಿಂದಿನ ಸ್ಪ್ರಿಂಗ್ ನಿರ್ಧರಿಸುವುದು ಲೋಡ್

ಹಿಂದೆ ಇಬ್ಬರು ಕೂತು ಡಿಕ್ಕಿಯಲ್ಲಿ ಲಗೇಜ್ ಇಟ್ಟರೆ ಒಂದೊಂದು ಹಿಂಚಕ್ರಕ್ಕೆ 80 ಕೆಜಿ ಸೇರುತ್ತದೆ, 162 ಇದ್ದದ್ದು 242 ಆಗುತ್ತದೆ. ಮುಂದೆ ಇಷ್ಟು ವ್ಯತ್ಯಾಸ ಎಂದೂ ಆಗುವುದಿಲ್ಲ. ಆದ್ದರಿಂದ ಖಾಲಿ ಕಾರಿಗೆ ಲೆಕ್ಕ ಹಾಕಿ ಮೆತ್ತನೆಯ ಹಿಂಸ್ಪ್ರಿಂಗ್ ಹಾಕಿದರೆ, ಕುಟುಂಬದ ಜತೆ ಊರಿಗೆ ಹೊರಟ ದಿನ ಕಾರು ಹಿಂದಕ್ಕೆ ಕುಸಿದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಈಗಿರುವ ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ಮನೆಯಲ್ಲೇ ಅಳೆಯಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹಿಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಹಬ್ಬಿನ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳತೆ ಬರೆದುಕೊಳ್ಳಿ. ಹಿಂದಿನ ಸೀಟು ಮಡಚಿ, ಸರಿಯಾಗಿ ಆಕ್ಸಲ್ ಮೇಲೆ ಬರುವಂತೆ 25 ಕೆಜಿಯ ನಾಲ್ಕು ಅಕ್ಕಿ ಚೀಲ ಇಡಿ. ಮತ್ತೆ ಒತ್ತಿ ಬಿಟ್ಟು ಅಳೆಯಿರಿ. ಒತ್ತಿ ಬಿಡದಿದ್ದರೆ ಬುಷ್‌ಗಳ (ಕೀಲುಗಳಲ್ಲಿರುವ ರಬ್ಬರ್) ಹಿಡಿತದಿಂದ ಅಳತೆ ಐದಾರು ಮಿ.ಮೀ. ತಪ್ಪುತ್ತದೆ. 36 ಮಿ.ಮೀ. ಕುಸಿಯಿತು ಅನ್ನಿ: ಒಂದು ಚಕ್ರಕ್ಕೆ 50 ಕೆಜಿ, ಅಂದರೆ 490 ನ್ಯೂಟನ್, ಭಾಗಿಸು 36. ಚಕ್ರದ ರೇಟ್ 13.6. ಖಾಲಿ ಇದ್ದಾಗ ಇದು 1.46 ಹರ್ಟ್ಜ್, ಲೋಡ್ ಆದಾಗ 1.19. ಮುಂಭಾಗದ 1.3ಕ್ಕಿಂತ ಕೆಳಗೆ ಇಳಿಯಿತು. 1.65 ಹರ್ಟ್ಜಿಗೆ ಲೆಕ್ಕ ಹಾಕಿದರೆ ಚಕ್ರದ ರೇಟ್ 17.4 ಆಗುತ್ತದೆ, ತುಂಬಿದ ಕಾರಿನಲ್ಲೂ 1.35 ಉಳಿಯುತ್ತದೆ, ಕುಸಿತ 58 ಮಿ.ಮೀ.ನಿಂದ 45ಕ್ಕೆ ಇಳಿಯುತ್ತದೆ. ಒಬ್ಬರೇ ಓಡಿಸುವಾಗ ಹಿಂಭಾಗ ತುಸು ಪುಟಿದಂತೆ ಅನ್ನಿಸುವುದು ಇದರ ಬೆಲೆ.

ಬೀಮಿನ ಅನುಪಾತಕ್ಕೆ ಟೇಪ್ ಸಾಕು. ಮುಂದಿನ ಬುಷ್‌ನಿಂದ ಸ್ಪ್ರಿಂಗ್ ಮಧ್ಯಕ್ಕೆ 340, ಚಕ್ರದ ಮಧ್ಯಕ್ಕೆ 400 ಮಿ.ಮೀ. ಇದ್ದರೆ 0.85, ವರ್ಗ 0.72. ಕೊಳ್ಳಬೇಕಾದ ಸ್ಪ್ರಿಂಗ್ ಸುಮಾರು 24 ನ್ಯೂಟನ್/ಮಿ.ಮೀ.

ಶಾಕ್ ಅಬ್ಸಾರ್ಬರ್ ಬಿಟ್ಟು ಸ್ಪ್ರಿಂಗ್ ಇಲ್ಲ

ಸ್ಪ್ರಿಂಗ್ ರೇಟನ್ನು ಶೇಕಡಾ 10 ಹೆಚ್ಚಿಸಿದರೆ ಗೊತ್ತೇ ಆಗುವುದಿಲ್ಲ, ದುಡ್ಡು ದಂಡ. 15–20ರವರೆಗೆ ಒಳ್ಳೆಯ ಸ್ಥಿತಿಯಲ್ಲಿರುವ ಕಂಪನಿ ಶಾಕ್ ತಡೆಯುತ್ತದೆ. ಅದರಾಚೆ ಶಾಕೂ ಬದಲಾಗಬೇಕು. ಮೇಲಿನ ಲೆಕ್ಕದಲ್ಲಿ ಹಿಂದೆ ಶೇಕಡಾ 28ರಷ್ಟು ಏರಿದೆ, ಆದ್ದರಿಂದ ಸುಮಾರು ಶೇಕಡಾ 13ರಷ್ಟು ಹೆಚ್ಚು ಹಿಡಿತದ ಶಾಕ್ ಬೇಕು. ಹಳೆಯದನ್ನೇ ಉಳಿಸಿಕೊಂಡರೆ ಹೈವೇಯ ಸೇತುವೆ ಜೋಡಣೆ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿಯುತ್ತದೆ. 70,000 ಕಿ.ಮೀ. ಓಡಿದ ಕಾರು ತೂಗಾಡುತ್ತಿದ್ದರೆ ಬಹಳ ಸಲ ಸ್ಪ್ರಿಂಗಿನ ತಪ್ಪೇ ಇರುವುದಿಲ್ಲ. ಶಾಕ್‌ನಿಂದ ಎಣ್ಣೆ ಜಿನುಗಿದೆಯೇ, ಲೋವರ್ ಆರ್ಮ್ ಬುಷ್ ಹರಿದಿದೆಯೇ, ಟೈರ್ ಗಾಳಿ ಸರಿಯಿದೆಯೇ ಎಂದು ಮೊದಲು ನೋಡಿ. ತಿರುವಿನಲ್ಲಿ ವಾಲುವುದಷ್ಟೇ ದೂರಾದರೆ ಆ್ಯಂಟಿ ರೋಲ್ ಬಾರ್ (ಎಡ, ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಬದಲಿಸುವುದು ಮೇಲು.

ಕಾರಿನ ಎತ್ತರ ತಗ್ಗಿಸುವ ಮೊದಲು ಶಾಕ್ ರಾಡಿನ ಬುಡಕ್ಕೆ ಒಂದು ಕೇಬಲ್ ಟೈ ಕಟ್ಟಿ ದಿನದ ದಾರಿಯಲ್ಲಿ ಓಡಿಸಿ. ಅದು ಎಷ್ಟು ಮೇಲೆ ಸರಿದಿದೆಯೋ ಅಷ್ಟು ನೀವು ಬಳಸುವ ಚಲನೆ. ಟೈಗೂ ಬಂಪ್ ಸ್ಟಾಪಿಗೂ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್) ನಡುವೆ 20 ಮಿ.ಮೀ. ಮಾತ್ರ ಉಳಿದಿದ್ದರೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ದಿನಾ ಸ್ಟಾಪಿಗೆ ಬಡಿಯುತ್ತದೆ. ‘ಗಟ್ಟಿಯಾಯಿತು’ ಎಂದು ಬೈಯಿಸಿಕೊಳ್ಳುವ ಎಷ್ಟೋ ಸ್ಪ್ರಿಂಗುಗಳ ನಿಜವಾದ ಕಥೆ ಇದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಬಡಾವಣೆಯ ಒಳರಸ್ತೆಗಳಲ್ಲಿ ಸಿಗುವುದು ಅದಕ್ಕಿಂತ ಕಿರಿದು, ಕಡಿದು.

ಸ್ಪ್ರಿಂಗ್ ಕತ್ತರಿಸುವುದು ಬೇಡ. 12 ಮಿ.ಮೀ. ತಂತಿ, 130 ಮಿ.ಮೀ. ವ್ಯಾಸದ ಸುರುಳಿ, 5 ಸುತ್ತಿನ ಸ್ಪ್ರಿಂಗ್ 18.5 ನ್ಯೂಟನ್/ಮಿ.ಮೀ. ಕೊಡುತ್ತದೆ. ಒಂದು ಸುತ್ತು ಹೋದರೆ 23. ರೇಟ್ ಏರುತ್ತದೆ ನಿಜ, ಆದರೆ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡುತ್ತದೆ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಕೂಡ ಆ ಸುತ್ತನ್ನು ಕೆಲಸ ಮಾಡದಂತೆ ತಡೆದೇ ಎತ್ತರ ಕೊಡುತ್ತದೆ. ಪಕ್ಕದ ಸುತ್ತುಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲೇ ಆರ್‌ಟಿಒ, ವಿಮೆಯವರನ್ನು ಕೇಳಿಕೊಳ್ಳಿ.

ಹಾಕಿಸುವಾಗ ಸ್ಟ್ರಟ್ ಸ್ಪ್ರಿಂಗಿಗೆ ಎದುರುಬದುರಾಗಿ ಎರಡು ಕಂಪ್ರೆಸರ್ (ಸ್ಪ್ರಿಂಗನ್ನು ಕುಗ್ಗಿಸಿ ಹಿಡಿಯುವ ಸಾಧನ) ಬೇಕೇ ಬೇಕು. ಕುಗ್ಗಿದ ಸ್ಪ್ರಿಂಗ್ ಜಾರಿದರೆ ಕೈ ಹೋಗುತ್ತದೆ. ಕಾರು ಜಾಕಿನ ಮೇಲಿದ್ದಾಗ ಹಿಂಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಲುಗಾಡಿದರೆ ಉದ್ದ ಸಾಲದು. ಲೋವರ್ ಆರ್ಮ್, ಬೀಮ್ ಬುಷ್‌ಗಳ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವುದು ನಾಲ್ಕೂ ಚಕ್ರ ನೆಲದ ಮೇಲೆ ಭಾರ ಹೊತ್ತ ಮೇಲೆಯೇ. ಜೋತಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಅಲ್ಲಿಯವರೆಗೆ ಎತ್ತರದ ಅಳತೆಯೂ ಸುಳ್ಳು ಹೇಳುತ್ತದೆ. ಒಂದು ವಾರ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಮಟ್ಟ ಹೊಂದಿಸಿ.